ಕಾಲುಂಗುರದ ಕರೆ

ನನ್ನ ಕಣ್ಣಿನ ಬಗ್ಗೆ ನನಗೆ ಬಹಳ ಜಂಬವಿತ್ತು. ಹತ್ತು ಜನ ನೋಡಿ ಚೆನ್ನಾಗಿದೆ ಅಂದ ನಾಣ್ಯವನ್ನು ದೀಪದ ಕೆಳಗೆ ಒಂದೇ ಒಂದು ಸಲ ಓಲಾಡಿಸಿ, ಎಲ್ಲಿ ಗೀರಿದೆ, ಎಲ್ಲಿ ಯಾರೋ ಉಜ್ಜಿದ್ದಾರೆ, ಎಲ್ಲಿ ಚುಕ್ಕೆ ಏಳುವುದರಲ್ಲಿದೆ ಎಂದು ಹೇಳಿಬಿಡುತ್ತಿದ್ದೆ. ಆ ಜಂಬದ ಬಗ್ಗೆ, ಅದರಿಂದ ನನ್ನ ಹೆಂಡತಿಗೆ ಆದದ್ದರ ಬಗ್ಗೆ ಬರೆಯಬೇಕು ಅಂತ ಕೂತಿದ್ದೇನೆ. ಬ್ರಿಸ್ಬೇನಿನಲ್ಲಿದ್ದಾಗ ಒಂದೂವರೆ ವರ್ಷ ನಮ್ಮ ಮನೆಯಲ್ಲಿ ಎರಡು ಚುಕ್ಕೆಗಳಿದ್ದವು. ಒಂದು ಅಮೆರಿಕದ ಹಳೆಯ ಚಿನ್ನದ ನಾಣ್ಯದ ಮೇಲೆ, ಇನ್ನೊಂದು ಅವಳ ಎಡಗಾಲಿನ ಬೆರಳಿನ ಮೇಲೆ. ನಾನು ಕಾದು ಕೂತು ನೋಡಿದ್ದು ನಾಣ್ಯದ ಚುಕ್ಕೆಯನ್ನು. ಅವಳು ಉಳಿಯುತ್ತಾಳೋ ಇಲ್ಲವೋ ಎಂಬುದು ಇದನ್ನು ಬರೆಯುತ್ತಿರುವ ಈ ಹೊತ್ತಿಗೂ ನಮಗೆ ಗೊತ್ತಿಲ್ಲ.

ಈ ಹುಚ್ಚು ಹತ್ತಿದ್ದು ಪರ್ತ್‌ನಲ್ಲಿ. ಮೈಸೂರಿನಿಂದ ಸ್ಕಿಲ್ಡ್ ವೀಸಾ ಹಿಡಿದು ಬಂದು, ಗಣಿಗಳಿಗೆ ಅಳತೆಯ ಉಪಕರಣ ಕೂರಿಸುವ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿ ಸೇರಿಕೊಂಡಿದ್ದೆ. ಎರಡು ವಾರ ಗಣಿಯ ಧೂಳಿನಲ್ಲಿ, ಒಂದು ವಾರ ಮನೆಯಲ್ಲಿ. ಹೆಂಡತಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು ಅವಳ ಕೆಲಸ, ನನ್ನಲ್ಲಿ ತಪ್ಪು ಹುಡುಕುವುದು ಅವಳ ಹವ್ಯಾಸ ಎಂದು ಸ್ನೇಹಿತರ ಮುಂದೆ ತಮಾಷೆ ಮಾಡುತ್ತಿದ್ದೆ. ಮಗಳು ಆಗ ಚೈಲ್ಡ್‌ಕೇರ್‌ಗೆ ಹೋಗುತ್ತಿದ್ದ ಪುಟ್ಟ ಕೂಸು. ಮನೆಯಲ್ಲಿರುವ ವಾರ ಅವರಿಬ್ಬರೂ ಹೊರಟುಹೋದ ಮೇಲೆ ನನಗೆ ಹೊತ್ತು ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಪೇಟೆ ಸುತ್ತುತ್ತಾ, ಬಿಸಿಲು ತಡೆಯಲಾರದೆ ಏಸಿ ಇದ್ದ ಯಾವುದೋ ಅಂಗಡಿಗೆ ನುಗ್ಗಿದೆ. ಅದು ಒಬ್ಬ ಬಿಳಿಯ ಮುದುಕನ ನಾಣ್ಯದ ಅಂಗಡಿ.

ಏನಾದರೂ ಕೇಳಬೇಕಲ್ಲ ಎಂದು ಗಾಜಿನ ಕೆಳಗಿದ್ದ ಒಂದನ್ನು ಕೇಳಿದೆ. ಸಾವಿರದ ಒಂಬೈನೂರ ಎಂಟನೆಯ ಇಸವಿಯ ಇಪ್ಪತ್ತು ಡಾಲರಿನ ಚಿನ್ನದ ನಾಣ್ಯ. ಒಂದು ಮಗ್ಗುಲಲ್ಲಿ ಪಂಜು ಹಿಡಿದು ನಮ್ಮೆದುರಿಗೇ ನಡೆದು ಬರುತ್ತಿರುವ ಹೆಂಗಸು, ಇನ್ನೊಂದರಲ್ಲಿ ಸೂರ್ಯನ ಮೇಲೆ ಹಾರುತ್ತಿರುವ ಹದ್ದು. ನೂರು ವರ್ಷಕ್ಕೂ ಹಳೆಯದು, ನಿನ್ನೆ ಟಂಕಿಸಿದ ಹಾಗಿತ್ತು. ಮುದುಕ ಹೇಳಿದ, ನಾಣ್ಯವನ್ನು ನೋಡಬೇಡ, ಅದರ ಮೇಲೆ ಓಡುವ ಬೆಳಕನ್ನು ನೋಡು. ಮೆಲ್ಲಗೆ ಓಲಾಡಿಸಿದೆ. ಬೆಳಕು ಒಂದು ಗೆರೆಯಾಗಿ ಹೆಂಗಸಿನ ಸುತ್ತ ಪೂರ್ತಿ ಒಂದು ಸುತ್ತು ಬಂತು. ಬೆರಳು ತಾಕಿದ ನಾಣ್ಯದಲ್ಲಿ, ಬಟ್ಟೆಯಿಂದ ಒರೆಸಿದ ನಾಣ್ಯದಲ್ಲಿ ಅದು ಮಧ್ಯದಲ್ಲೇ ತುಂಡಾಗುತ್ತದಂತೆ. ಬೆವರಾರಿಸಿಕೊಳ್ಳಲು ಒಳಗೆ ಹೋದವನು ಸಂಜೆ ಅಂಗಡಿ ಮುಚ್ಚುವವರೆಗೂ ಅಲ್ಲೇ ನಿಂತಿದ್ದೆ.

ಈ ನಾಣ್ಯಗಳಿಗೆ ಒಂದರಿಂದ ಎಪ್ಪತ್ತರವರೆಗೆ ದರ್ಜೆ ಕೊಡುತ್ತಾರೆ. ಅರವತ್ತರ ಕೆಳಗಿನವು ಜನರ ಕೈಯಲ್ಲಿ ಓಡಾಡಿದವು. ಅರವತ್ತೈದರ ಮೇಲಿನವು ಯಾರ ಕೈಗೂ ಸಿಗದೆ ಚೀಲದಲ್ಲಿ, ತಿಜೋರಿಯಲ್ಲಿ ಉಳಿದುಕೊಂಡವು. ಅಮೆರಿಕದಲ್ಲಿ ಪರೀಕ್ಷೆ ಮಾಡಿ, ದರ್ಜೆಯ ಚೀಟಿಯ ಜೊತೆ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಹಾಕಿ ಮುಚ್ಚಿಬಿಡುತ್ತಾರೆ. ನನಗೆ ಬೇಕಾದದ್ದು ಅಂಥವು ಮಾತ್ರ. ಅರವತ್ತಾಲ್ಕನ್ನು ಮುಟ್ಟಿಯೂ ನೋಡುತ್ತಿರಲಿಲ್ಲ. ಗಣಿಯ ದುಡಿಮೆಯಲ್ಲಿ ವರ್ಷಕ್ಕೆ ಒಂದೋ ಎರಡೋ ಬರುತ್ತಿದ್ದವು. ಮೊದಲನೆಯದನ್ನು ಮನೆಗೆ ತಂದ ದಿನ ಹೆಂಡತಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ದೇವರ ಮುಂದಿಟ್ಟು, ಕುಂಕುಮದ ಬಟ್ಟಲಿಗೆ ಕೈಹಾಕಿದಳು.

"ಏಯ್, ಕುಂಕುಮ ಗಿಂಕುಮ ಹಚ್ಚಬೇಡ" ಎಂದು ನಾನು ಹೌಹಾರಿ ಕಿರುಚಿಕೊಂಡೆ.

"ಪ್ಲಾಸ್ಟಿಕ್ಕಿಗೆ ತಾನೇ ಹಚ್ಚೋದು? ಒಳಗಿರೋ ಲಕ್ಷ್ಮಿಗೆ ಗೊತ್ತೂ ಆಗಲ್ಲ ಬಿಡಿ" ಅಂದಳು. ಹಚ್ಚಲಿಲ್ಲ. ನನ್ನ ಕೋಪದ ಜೊತೆ ಜಗಳಕ್ಕಿಳಿಯುವ ಬದಲು ಅದನ್ನು ಸುತ್ತಿ ಹೋಗುವುದು ಅವಳ ರೀತಿ. ಮುಂದೆ ನಾನು ಐದು ಡಾಲರಿನ ಒಂದು ಸಣ್ಣ ನಾಣ್ಯ ತಂದೆ. ಅದರ ಮೇಲೆ ಗರಿಯ ಕಿರೀಟ ತೊಟ್ಟ ಅಮೆರಿಕದ ಮೂಲನಿವಾಸಿಯ ತಲೆ ಇತ್ತು, ಸಂಗ್ರಹಕಾರರು ಅದನ್ನು ಇಂಡಿಯನ್ ಹೆಡ್ ಅನ್ನುತ್ತಾರೆ. ಅಂದಿನಿಂದ ಅವಳಿಗೆ ನನ್ನನ್ನು ಕರೆಯಲು ಒಂದು ಅಡ್ಡಹೆಸರು ಸಿಕ್ಕಿತು. ಫೋನಿನಲ್ಲಿ ಅಮ್ಮನ ಹತ್ತಿರ ಮಾತಾಡುವಾಗ "ಇಂಡಿಯನ್ ಹೆಡ್ಡು ಮೇಜಿನ ಮುಂದೆ ಕೂತಿದೆ" ಎನ್ನುತ್ತಿದ್ದಳು.

ಪರ್ತ್‌ನಲ್ಲಿ ನಾಲ್ಕು ವರ್ಷವಾದ ಮೇಲೆ ಬ್ರಿಸ್ಬೇನಿನಲ್ಲಿ ದಿನಾ ಮನೆಗೆ ಬರುವಂಥ ಕೆಲಸ ಸಿಕ್ಕಿತು. ನಾರ್ತ್ ಲೇಕ್ಸ್‌ನಲ್ಲಿ ಮನೆ ಮಾಡಿದೆವು. ಎಲ್ಲ ಮನೆಗಳೂ ಒಂದೇ ಥರ, ಎಲ್ಲರಿಗೂ ಒಂದೇ ಅಳತೆಯ ಹುಲ್ಲು, ನಡೆದರೆ ಹತ್ತು ನಿಮಿಷಕ್ಕೆ ದೊಡ್ಡ ಶಾಪಿಂಗ್ ಸೆಂಟರ್. ಹೆಂಡತಿಗೆ ಊರು ಹಿಡಿಸಿತು. ನನಗೆ ಹಿಡಿಸಲಿಲ್ಲ, ಯಾಕೆಂದರೆ ಗಾಳಿಯಲ್ಲಿ ನೀರಿತ್ತು. ಪರ್ತ್‌ನ ಒಣಗಾಳಿಯಲ್ಲಿ ನನ್ನ ನಾಣ್ಯಗಳು ನಿಶ್ಚಿಂತೆಯಾಗಿದ್ದವು. ಇಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತಿತ್ತು.

ಆ ಕಾಲದ ಅಮೆರಿಕದ ನಾಣ್ಯದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಚಿನ್ನ, ಒಂದು ಪಾಲು ತಾಮ್ರ. ತಾಮ್ರ ಸರಿಯಾಗಿ ಬೆರೆಯದೆ ಎಲ್ಲಾದರೂ ಒಂದು ಕಣ ಉಳಿದುಕೊಂಡಿದ್ದರೆ ಅದು ಹತ್ತಾರು ವರ್ಷ ಸುಮ್ಮನಿದ್ದು, ಆಮೇಲೆ ಕೆಂಪು ಚುಕ್ಕೆಯಾಗಿ ಮೇಲೇಳುತ್ತದೆ. ಮೊದಲು ಕೆಂಪು, ಆಮೇಲೆ ಕಂದು, ಕೊನೆಗೆ ಕಪ್ಪು. ಬ್ರಿಸ್ಬೇನಿಗೆ ಬಂದ ಮೂರನೆಯ ವರ್ಷ ನನ್ನ ಅರವತ್ತಾರರ ದರ್ಜೆಯ ಇಪ್ಪತ್ತು ಡಾಲರಿನ ನಾಣ್ಯದಲ್ಲಿ, ಸೂರ್ಯನ ಕಿರಣಗಳ ನಡುವೆ, ಸಾಸಿವೆಗಿಂತ ಸಣ್ಣದೊಂದು ಚುಕ್ಕೆ ಕಂಡೆ. ಪರ್ತ್‌ನ ಮುದುಕನಿಗೆ ಫೋನ್ ಮಾಡಿದೆ. ಮೊದಲೇ ಇದ್ದದ್ದೋ ಹೊಸದಾಗಿ ಎದ್ದದ್ದೋ ಎಂದು ಕೇಳಿದ. ಗೊತ್ತಿಲ್ಲ ಅಂದೆ. ಹಾಗಾದರೆ ಬೆಳೆಯುತ್ತಿದೆಯೋ ಇಲ್ಲವೋ ನೋಡು, ಇದ್ದ ಹಾಗೇ ಇರುವ ಚುಕ್ಕೆಗೆ ಹೆದರಬೇಡ, ಬೆಳೆಯುವ ಚುಕ್ಕೆಗೆ ಹೆದರು ಅಂದ.

ಹೆದರಿದೆ. ಅಂದಿನಿಂದ ಪ್ರತಿ ತಿಂಗಳ ಮೊದಲನೆಯ ಭಾನುವಾರ ಬೆಳಿಗ್ಗೆ, ಅದೇ ದೀಪ, ಅದೇ ದೂರ, ಅದೇ ಕೋನದಲ್ಲಿ ಆ ಚುಕ್ಕೆಯ ಫೋಟೋ ತೆಗೆದೆ. ಕಂಪ್ಯೂಟರಿನಲ್ಲಿ ಹಿಂದಿನ ತಿಂಗಳದ್ದರ ಪಕ್ಕಕ್ಕಿಟ್ಟು ಅಂಚುಗಳನ್ನು ಹೋಲಿಸಿದೆ. ಬೀರುವಿನ ಪಕ್ಕಕ್ಕೆ ತೇವ ಹೀರುವ ಯಂತ್ರ ತಂದು ಕೂರಿಸಿದೆ. ಅದರ ತೊಟ್ಟಿಯಲ್ಲಿ ತುಂಬುವ ನೀರನ್ನು ದಿನಾ ಎತ್ತಿ ಹಿತ್ತಲಿನ ಕರಿಬೇವಿನ ಗಿಡಕ್ಕೆ ಚೆಲ್ಲುವ ಕೆಲಸ ಹೆಂಡತಿಯ ಪಾಲಿಗೆ ಬಂತು.

ಅಂಥದೇ ಒಂದು ಭಾನುವಾರ. ಮೇಜಿನ ಮುಂದೆ ಕೂತಿದ್ದೆ. ಸ್ನಾನ ಮುಗಿಸಿ ಬಂದವಳು ಎಡಗಾಲನ್ನು ನನ್ನ ಪಕ್ಕದ ಕುರ್ಚಿಯ ಮೇಲಿಟ್ಟು, ಎರಡನೆಯ ಬೆರಳಿನ ಕಾಲುಂಗುರವನ್ನು ಸ್ವಲ್ಪ ಮೇಲಕ್ಕೆ ಸರಿಸಿದಳು.

"ರೀ, ಇಲ್ನೋಡಿ. ಉಂಗುರದ ಕೆಳಗೆ ಕಪ್ಪಗಾಗಿದೆ."

"ಬೆಳ್ಳಿ ಕಣೆ. ಬೆವರಿಗೆ ಕರೆ ಬಿಟ್ಟಿರುತ್ತೆ."

"ಎರಡೂ ಕಾಲಿಗೆ ಹಾಕಿರೋದು ಒಂದೇ ಬೆಳ್ಳಿ ಅಲ್ವಾ? ಆ ಕಾಲಲ್ಲಿ ಯಾಕಿಲ್ಲ ಹಾಗಾದ್ರೆ?"

ಸರಿಯಾದ ಪ್ರಶ್ನೆ. ದಿನವಿಡೀ ಅಂಥ ಪ್ರಶ್ನೆ ಕೇಳಿಯೇ ಸಂಬಳ ತೆಗೆದುಕೊಳ್ಳುವವಳು. ನಾನು ಅಂದದ್ದು, "ಮನೇಲೂ ಟೆಸ್ಟಿಂಗ್ ಶುರು ಮಾಡ್ಬೇಡ." ಆದರೂ ಕೈಯಲ್ಲಿ ಭೂತಗನ್ನಡಿ ಇತ್ತಲ್ಲ, ಬಗ್ಗಿ ನೋಡಿದೆ. ಉಂಗುರ ಕೂರುವ ಜಾಗದಲ್ಲಿ ಹುರಿದ ಜೀರಿಗೆ ಕಾಳಿನಷ್ಟು ಉದ್ದದ ಗುರುತು. ಒಂದು ಕಡೆ ಕಡುಗಪ್ಪು, ಇನ್ನೊಂದು ಕಡೆ ಕಂದು. ಮೇಲಿನ ಅಂಚು ನೆಟ್ಟಗಿತ್ತು, ಕೆಳಗಿನದು ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿತ್ತು. ಇಷ್ಟೂ ಕಂಡಿತು. ಕಾಣಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ನಾಣ್ಯದ ಮೇಲೆ ಅಂಥದ್ದೊಂದನ್ನು ಕಂಡಿದ್ದರೆ ಅವತ್ತು ಊಟ ಇಳಿಯುತ್ತಿರಲಿಲ್ಲ ನನಗೆ. ಲೋಹದ ವಿಷಯ ಎಲ್ಲ ಬಲ್ಲೆ ಎಂದುಕೊಂಡಿದ್ದವನಿಗೆ ಅದು ಲೋಹದ ಕರೆಯಾಗಿಯೇ ಕಂಡಿತು.

"ಈ ಬೆರಳಿಗೆ ಅರವತ್ತಾಲ್ಕು ಕೊಡ್ತೀನಿ. ಚುಕ್ಕೆ ಇಲ್ದೆ ಇದ್ದಿದ್ರೆ ಅರವತ್ತಾರು" ಅಂದೆ.

ಅವಳು ನಕ್ಕು, ಉಂಗುರವನ್ನು ಕೆಳಕ್ಕೆ ಸರಿಸಿಕೊಂಡು ದೋಸೆ ಹುಯ್ಯಲು ಹೋದಳು.

ಆ ಉಂಗುರವನ್ನು ಅವಳು ಎಂದೂ ತೆಗೆದಿರಲಿಲ್ಲ. ಧಾರೆಯ ದಿನ ನಾನು ಅವಳ ಪಾದ ಹಿಡಿದು ತೊಡಿಸಿದ್ದು. ಗಂಡ ಇರುವಾಗ ಕಾಲುಂಗುರ ತೆಗೆಯಬಾರದು ಎಂಬುದನ್ನು ಅವಳು ಚರ್ಚೆಗೇ ತರುತ್ತಿರಲಿಲ್ಲ. ಜೀನ್ಸ್ ಹಾಕಿದರೂ ಉಂಗುರ, ಈಜಲು ಇಳಿದರೂ ಉಂಗುರ. ಅವಳ ಆಫೀಸಿನ ಬಿಳಿಯ ಹುಡುಗಿಯರು ಎಷ್ಟು ಚೆಂದ ಎಂದು ಫೋಟೋ ತೆಗೆದುಕೊಂಡದ್ದುಂಟು. ನನಗೂ ಒಳಗೊಳಗೇ ಹೆಮ್ಮೆಯಿತ್ತು. ನನ್ನ ಆಯಸ್ಸಿಗೋಸ್ಕರ ಒಬ್ಬಳು ಹದಿನೈದು ವರ್ಷ ಒಂದು ಬೆಳ್ಳಿಯ ಬಳೆಯಂಥದ್ದನ್ನು ಬೆರಳಿನಿಂದ ಕಳಚದೆ ಇದ್ದಾಳೆ ಎಂದರೆ ಯಾವ ಗಂಡಸಿಗೆ ಬೇಡ ಅನ್ನಿಸುತ್ತದೆ.

ಮುಂದಿನ ವಾರ ವಿಡಿಯೋ ಕಾಲ್‌ನಲ್ಲಿ ತಾಯಿಗೆ ಪಾದ ತೋರಿಸಿದಳು. ಅತ್ತೆ ಕನ್ನಡಕ ಏರಿಸಿಕೊಂಡು ನೋಡಿ ಸಂತೋಷಪಟ್ಟರು. "ಅದು ಮಚ್ಚೆ ಕಣೆ, ಕರೆ ಅಲ್ಲ. ಕಾಲಲ್ಲಿ ಮಚ್ಚೆ ಇದ್ದವರು ದೇಶ ಸುತ್ತುತ್ತಾರೆ ಅಂತ ನಮ್ಮಜ್ಜಿ ಹೇಳೋರು. ಅದಕ್ಕೇ ನೀನು ಊರಿಂದೂರಿಗೆ ತಿರುಗ್ತಿರೋದು." ಹುಟ್ಟಿದಾಗಿನಿಂದ ಇಲ್ಲದ ಮಚ್ಚೆ ನಲವತ್ತಕ್ಕೆ ಎಲ್ಲಿಂದ ಬರುತ್ತದೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ನಾನು ಕರೆ ಅಂದೆ, ಅತ್ತೆ ಮಚ್ಚೆ ಅಂದರು, ಎರಡರಲ್ಲಿ ಒಂದಾದರೆ ಚಿಂತೆಯಿಲ್ಲ ಎಂದು ಅವಳು ಸುಮ್ಮನಾದಳು.

ಸುಮ್ಮನಾಗದವಳು ಮಗಳು. ಆಗ ಐದನೆಯ ಕ್ಲಾಸು. ಟೋಪಿ ಹಾಕದೆ ಹೋದರೆ ಶಾಲೆಯಲ್ಲಿ ಆಟಕ್ಕೇ ಬಿಡುವುದಿಲ್ಲ, ಬಿಸಿಲಿನಿಂದ ಚರ್ಮಕ್ಕೆ ಬರುವ ಕ್ಯಾನ್ಸರಿನ ಪಾಠ ಅಲ್ಲಿನ ಮಕ್ಕಳಿಗೆ ಮಗ್ಗಿಯ ಜೊತೆಗೇ ಬಂದುಬಿಡುತ್ತದೆ. ಒಂದು ಸಂಜೆ ಕಾರಿನಲ್ಲಿ ಈಜುಕೊಳದಿಂದ ಬರುವಾಗ ಹಿಂದಿನ ಸೀಟಿನಿಂದ ಇಂಗ್ಲಿಷಿನಲ್ಲಿ ಹೇಳಿದಳು: ಅಮ್ಮನ ಬೆರಳಿನ ಗುರುತಿಗೆ ಎರಡು ಬಣ್ಣ ಇದೆ, ಎರಡು ಬಣ್ಣ ಇದ್ದರೆ ಡಾಕ್ಟರಿಗೆ ತೋರಿಸಬೇಕು ಅಂತ ಮಿಸ್ ಹೇಳಿದ್ದಾರೆ.

"ಅದು ಬಿಳಿಯರಿಗೆ ಬರೋ ಕಾಯಿಲೆ ಪುಟ್ಟಾ. ನಮ್ಮಂಥ ಬಣ್ಣದವರಿಗೆ ಬರಲ್ಲ. ಅದೂ ಕಾಲಿಗೆ ಎಲ್ಲಿ ಬಿಸಿಲು ಬೀಳುತ್ತೆ ಹೇಳು" ಅಂದೆ.

ಅವಳು ಒಪ್ಪಲಿಲ್ಲ, ಮಿಸ್ ಹಾಗೆ ಹೇಳಿಲ್ಲ ಅಂದಳು. ನಾನು ಗದರಿದೆ. ಅಪ್ಪನಿಗಿಂತ ನಿಮ್ಮ ಮಿಸ್ಸಿಗೆ ಜಾಸ್ತಿ ಗೊತ್ತಾ ಎಂದು ಕೇಳಿದೆ. ಪಕ್ಕದಲ್ಲಿದ್ದ ಹೆಂಡತಿ "ಬಿಡೇ, ಅಪ್ಪ ನೋಡಿದಾರೆ, ಅವರ ಕಣ್ಣಿಗೆ ಏನೂ ತಪ್ಪಲ್ಲ" ಎಂದು ಮಗಳನ್ನು ಸಮಾಧಾನ ಮಾಡಿದಳು. ತಮಾಷೆಗಲ್ಲ, ನಂಬಿಯೇ ಹೇಳಿದಳು. ನನ್ನ ಜೀವನದಲ್ಲಿ ನಾನು ಕೇಳಿದ ಮಾತುಗಳಲ್ಲಿ ಇದರಷ್ಟು ನೋಯಿಸುವುದು ಇನ್ನೊಂದಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಕೇಳಿ. ಹಲ್ಲುಪುಡಿ ಹಾಕಿ ಉಂಗುರ ತಿಕ್ಕಿದೆ, ನಿಂಬೆರಸ ಹಚ್ಚಿ ಬೆರಳು ತಿಕ್ಕಿದೆ. ನಾಣ್ಯಕ್ಕೆ ಬಟ್ಟೆ ತಾಕಿಸಿದರೆ ಕೈ ಕಡಿಯುವೆ ಅನ್ನುತ್ತಿದ್ದವನು ಅವಳ ಬೆರಳನ್ನು ಕೆಂಪಗಾಗುವವರೆಗೆ ತಿಕ್ಕಿದೆ. ಹೋಗಲಿಲ್ಲ. ಹಳೆಯ ಬೆಳ್ಳಿಯಲ್ಲಿ ಕಲಬೆರಕೆ ಜಾಸ್ತಿ ಎಂದು ತೀರ್ಮಾನಿಸಿ, ಬೆಂಗಳೂರಿನಿಂದ ಬರುವವರ ಕೈಯಲ್ಲಿ ಅಪ್ಪಟ ಬೆಳ್ಳಿಯ ಹೊಸ ಜೊತೆ ತರಿಸಿದೆ. ಮೂರು ಸುತ್ತಿನ, ಅಗಲವಾದ ಕಾಲುಂಗುರ. ಹಳೆಯದನ್ನು ತೆಗೆದು ಹೊಸದನ್ನು ತೊಡಿಸುವ ಆ ಒಂದು ಗಳಿಗೆ ಬೆರಳು ಬರಿದಾಗಬಾರದು ಎಂದು ಅವಳು ಅರಿಶಿನದ ದಾರ ಕಟ್ಟಿಕೊಂಡಳು. ಹೊಸ ಉಂಗುರದ ಅಗಲಕ್ಕೆ ಗುರುತು ಪೂರ್ತಿ ಮುಚ್ಚಿಹೋಯಿತು. ಇಬ್ಬರಿಗೂ ಸಮಾಧಾನವಾಯಿತು.

ನನ್ನ ಕಂಪನಿ ಅಡಿಲೇಡಿನಲ್ಲಿ ಹೊಸ ಘಟಕ ತೆರೆದಾಗ ನಾನೇ ಕೇಳಿ ಅಲ್ಲಿಗೆ ವರ್ಗ ಹಾಕಿಸಿಕೊಂಡೆ. ಮನೆಯಲ್ಲಿ ಹೇಳಿದ ಕಾರಣ ಬಡ್ತಿ. ಒಳಗಿನ ಕಾರಣ ಅಲ್ಲಿನ ಒಣ ಹವೆ. ಹದಿನೆಂಟು ತಿಂಗಳ ಹದಿನೆಂಟು ಫೋಟೋಗಳಲ್ಲಿ ನಾಣ್ಯದ ಚುಕ್ಕೆ ಒಂದು ಕೂದಲೆಳೆಯಷ್ಟೂ ಬೆಳೆದಿರಲಿಲ್ಲ, ಆದರೂ ನನಗೆ ಧೈರ್ಯವಿರಲಿಲ್ಲ. ನಾರ್ತ್ ಲೇಕ್ಸ್ ಬಿಟ್ಟುಬರುವಾಗ ಮಗಳು ಗೆಳತಿಯರನ್ನು ತಬ್ಬಿಕೊಂಡು ಅತ್ತಳು. ಹೆಂಡತಿ ಕರಿಬೇವಿನ ಗಿಡವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿದಳು. ನಾನು ನಾಣ್ಯಗಳನ್ನು ಕೈಚೀಲದಲ್ಲಿಟ್ಟು ವಿಮಾನದಲ್ಲಿ ಮಡಿಲ ಮೇಲಿಟ್ಟುಕೊಂಡೇ ಬಂದೆ. ಪಕ್ಕದ ಸೀಟಿನಲ್ಲಿ ಅವಳು ಎಡಗಾಲಿನ ಶೂ ಬಿಚ್ಚಿ ಕೂತಿದ್ದಳು, ಬಿಗಿಯಾಗುತ್ತೆ ಅಂದಳು.

ಕಿಲ್ಬರ್ನ್‌ನಲ್ಲಿ ಬಾಡಿಗೆ ಮನೆ, ನನ್ನ ಕೆಲಸದ ಶೆಡ್ಡಿಗೆ ಹತ್ತಿರ. ಮನೆ ಜೋಡಿಸಿ ಮುಗಿಯುವಷ್ಟರಲ್ಲಿ ಅವಳ ನಡಿಗೆ ಬದಲಾಗಿತ್ತು. ಎಡಗಾಲಿನ ಹಿಮ್ಮಡಿಯ ಮೇಲೆ ಭಾರ ಹಾಕಿ ನಡೆಯುತ್ತಿದ್ದಳು. ಒಂದು ದಿನ ವಾಷಿಂಗ್ ಮಷಿನ್ನಿಗೆ ಬಟ್ಟೆ ಹಾಕುವಾಗ ಅವಳ ಸಾಕ್ಸಿನ ಮೂತಿಯಲ್ಲಿ ಒಣಗಿದ ರಕ್ತದ ಕಲೆ ಕಂಡೆ. ಕೇಳಿದರೆ ಹೊಸ ಉಂಗುರದ ಅಂಚು ಕೊರೆಯುತ್ತೆ ಅಂದಳು. ಅಂಚನ್ನು ಅರದಿಂದ ಉಜ್ಜಿ ಕೊಡುತ್ತೇನೆ ಅಂದೆ. ಕಾರಣ ಸಿಕ್ಕಿತಲ್ಲ ಎಂದು ಮನಸ್ಸು ಅಲ್ಲಿಗೇ ನಿಂತಿತು. ಆದರೆ ಆ ಸಾಕ್ಸನ್ನು ಮಷಿನ್ನಿಗೆ ಹಾಕದೆ, ಮಗಳಿಗೆ ಕಾಣದ ಹಾಗೆ ಕೈಯಲ್ಲೇ ಒಗೆದೆ. ಯಾಕೆ ಹಾಗೆ ಮಾಡಿದೆ ಎಂದು ಈಗ ಕೇಳಿಕೊಳ್ಳುತ್ತೇನೆ. ಒಳಗೆಲ್ಲೋ ಗೊತ್ತಾಗಿತ್ತು, ಗೊತ್ತಾದದ್ದು ಬೇಡವಾಗಿತ್ತು.

ಗ್ಲೆನೆಲ್ಗ್‌ನ ಕಡಲ ದಂಡೆಯಲ್ಲಿ ನಾಲ್ಕು ಕನ್ನಡದ ಮನೆಗಳವರು ಸೇರಿ ಬಾರ್ಬೆಕ್ಯೂ ಊಟ ಇಟ್ಟುಕೊಂಡಿದ್ದರು. ನಾವು ಊರಿಗೆ ಹೊಸಬರೆಂದು ಕರೆದಿದ್ದರು. ಅಲ್ಲಿ ಒಬ್ಬರು ಆಂಟಿ, ಮೈಸೂರಿನವರೇ, ಇಲ್ಲಿ ಮೂವತ್ತು ವರ್ಷದಿಂದ ಡಾಕ್ಟರು. ಮಾತು ಖಡಕ್ಕು. ಮಕ್ಕಳ ಜೊತೆ ಮರಳಿನಲ್ಲಿ ಓಡಾಡಿ ಬಂದ ಹೆಂಗಸರು ಜೆಟ್ಟಿಯ ಪಕ್ಕದ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದರು. ನಾನು ತಟ್ಟೆ ಹಿಡಿದು ಹತ್ತಿರದಲ್ಲೇ ನಿಂತಿದ್ದೆ. ಆಂಟಿ ನಗುನಗುತ್ತಾ ಏನೋ ಹೇಳುತ್ತಿದ್ದವರು ನನ್ನ ಹೆಂಡತಿಯ ಪಾದ ನೋಡಿ ಮಾತು ನಿಲ್ಲಿಸಿದರು.

"ಆ ಬೆರಳಿಗೇನಾಗಿದೆ?"

"ಬೆಳ್ಳಿ ಕರೆ ಆಂಟಿ. ಇತ್ತೀಚೆಗೆ ಸ್ವಲ್ಪ ಗಾಯ ಆಗಿದೆ."

"ಉಂಗುರ ತೆಗಿ, ನೋಡೋಣ."

ಅವಳು ನನ್ನ ಮುಖ ನೋಡಿದಳು. "ಇವರು ಇಲ್ಲೇ ನಿಂತಿದಾರೆ ಆಂಟಿ, ಹೇಗೆ ತೆಗೀಲಿ? ಮನೇಲಿ ಬೇಕಾದ್ರೆ ದಾರ ಕಟ್ಕೊಂಡು..."

"ಇವನಿಗೇನೂ ಆಗಲ್ಲಮ್ಮ. ನಾನು ನಿನ್ನ ಬಗ್ಗೆ ಹೇಳ್ತಿರೋದು. ತೆಗಿ."

ಬೆರಳು ಊದಿತ್ತು, ಉಂಗುರ ಬರಲಿಲ್ಲ. ಸರಿಸಿದಷ್ಟಕ್ಕೇ ಕಂಡಿತು. ಮೂರು ಸುತ್ತಿನ ಬೆಳ್ಳಿಯ ಕೆಳಗೆ ಆ ಗುರುತು ಬೆರಳಿನ ಸುತ್ತ ಅರ್ಧದವರೆಗೆ ಹರಿದು, ಒಂದು ಕಡೆ ಬಿರಿದು ರಸಿಕೆ ಆಡುತ್ತಿತ್ತು. ಆಂಟಿ ತಮ್ಮ ಕಾರಿಗೆ ಹೋಗಿ ಚರ್ಮ ನೋಡುವ ಪುಟ್ಟ ಉಪಕರಣ ತಂದರು. ದೀಪವಿರುವ ಒಂದು ಭೂತಗನ್ನಡಿ, ಅಷ್ಟೆ. ಎಷ್ಟು ಪಟ್ಟು ದೊಡ್ಡದು ಮಾಡುತ್ತೆ ಆಂಟಿ ಎಂದು ನಾನು ಕೇಳಿದೆ. ಇಂಥ ಹೊತ್ತಿನಲ್ಲಿ ಇದನ್ನೇಕೆ ಕೇಳುತ್ತಾನೆ ಎಂಬಂತೆ ನೋಡಿ, "ಹತ್ತು" ಅಂದರು. ನನ್ನದೂ ಹತ್ತೇ.

ಅರ್ಧ ನಿಮಿಷ ನೋಡಿದರು. "ನಾಳೆ ಬೆಳಿಗ್ಗೆ ನನ್ನ ಕ್ಲಿನಿಕ್ಕಿಗೆ ಬಾ. ಆಫೀಸಿಗೆ ರಜೆ ಹಾಕು. ಇದನ್ನ ಮೊದಲು ಯಾರಿಗೂ ತೋರಿಸಲಿಲ್ವಾ?"

ಹೆಂಡತಿ ನನ್ನ ಕಡೆ ನೋಡಲಿಲ್ಲ. "ಇಲ್ಲ ಆಂಟಿ" ಅಂದಳು. ಹತ್ತು ಜನರ ಮುಂದೆ ನನ್ನ ಮಾನ ಕಾಪಾಡಿದಳು. ಸ್ವಲ್ಪ ದೂರದಲ್ಲಿ ನಿಂತಿದ್ದ ಮಗಳು ನೆಟ್ಟಗೆ ನನ್ನನ್ನೇ ನೋಡುತ್ತಿದ್ದಳು.

ಚೂರು ತೆಗೆದು ಪರೀಕ್ಷಿಸಿದಾಗ ಮೆಲನೋಮ, ಚರ್ಮದ ಕ್ಯಾನ್ಸರಿನಲ್ಲೇ ಕೆಟ್ಟದ್ದು, ಎಂದು ವಾರದೊಳಗೆ ತಿಳಿಯಿತು. ನಮ್ಮ ಬಣ್ಣದವರಿಗೆ ಬರುವುದು ಕಡಿಮೆ, ಬಂದರೆ ಹೆಚ್ಚಾಗಿ ಹೀಗೆ ಅಂಗಾಲಿನಲ್ಲಿ, ಬೆರಳಿನಲ್ಲಿ, ಉಗುರಿನ ಕೆಳಗೆ, ಬಿಸಿಲು ಬೀಳದ ಕಡೆಯೇ ಬರುತ್ತದೆ ಎಂದು ಆಸ್ಪತ್ರೆಯ ತಜ್ಞರು ಚಿತ್ರ ತೋರಿಸಿ ವಿವರಿಸಿದರು. ಆಮೇಲೆ ಕೇಳಿದರು, ಇದು ಯಾವಾಗ ಶುರುವಾಯಿತು, ಹೇಗೆ ಬೆಳೆಯಿತು, ಹಳೆಯ ಫೋಟೋ ಏನಾದರೂ ಇದೆಯೇ, ಮದುವೆಯ ಮನೆ, ಕಡಲ ತೀರ, ಪಾದ ಕಾಣುವ ಯಾವುದಾದರೂ ಸರಿ. ನಾನು ಫೋನ್ ತೆಗೆದು ತಡಕಾಡಿದೆ. ನನ್ನ ಹತ್ತಿರ ಹದಿನೆಂಟು ಫೋಟೋಗಳಿದ್ದವು, ಎಲ್ಲವೂ ತಾರೀಖು ಸಮೇತ, ಒಂದೇ ದೀಪದಲ್ಲಿ ತೆಗೆದವು. ಅವಳ ಪಾದದ್ದು ಒಂದೂ ಇರಲಿಲ್ಲ.

ಫೋಟೋ ಇದ್ದದ್ದು ಮಗಳ ಫೋನಿನಲ್ಲಿ. ಕಾರಿನಲ್ಲಿ ನಾನು ಗದರಿದ ಮಾರನೆಯ ದಿನ ಅವಳು ಅಮ್ಮ ಮಲಗಿದ್ದಾಗ ಪಾದದ ಫೋಟೋ ತೆಗೆದಿದ್ದಳು, ಪಕ್ಕದಲ್ಲಿ ಶಾಲೆಯ ಸ್ಕೇಲ್ ಇಟ್ಟು. ಮಿಸ್ಸಿಗೆ ತೋರಿಸಬೇಕೆಂದು. ತೋರಿಸಲಿಲ್ಲ. ಅಪ್ಪನಿಗೆ ಕೋಪ ಬರುತ್ತದೆ ಅಂತ.

ಬೆರಳು ತೆಗೆಯುವ ದಿನ ಆಪರೇಷನ್ನಿಗೆ ಮೊದಲು ನರ್ಸ್ ಒಂದು ಪುಟ್ಟ ಕತ್ತರಿ ತಂದು ಉಂಗುರ ಕತ್ತರಿಸಿದಳು. ಹೆಂಡತಿ ಕಣ್ಣು ಮುಚ್ಚಿಕೊಂಡು ಏನೋ ಹೇಳಿಕೊಳ್ಳುತ್ತಿದ್ದಳು, ತುಟಿ ಅಲುಗುತ್ತಿತ್ತು. ನನ್ನ ಆಯಸ್ಸಿಗೆ ಕೇಳಿಕೊಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು, ನಾಚಿಕೆಯಿಂದ ಸತ್ತುಹೋದೆ. ತೊಡೆಯ ಸಂದಿನ ಒಂದು ಗ್ರಂಥಿಯನ್ನೂ ತೆಗೆದು ಪರೀಕ್ಷೆಗೆ ಕಳಿಸಿದರು. ಅದರಲ್ಲೂ ಇತ್ತು.

ಈಗ ಕೆಲವು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ರಕ್ತನಾಳಕ್ಕೆ ಔಷಧಿ ಹನಿಸಿಕೊಂಡು ಬರುತ್ತಾಳೆ. ಮೂರು ತಿಂಗಳಿಗೊಮ್ಮೆ ಸ್ಕ್ಯಾನು. ಸ್ಕ್ಯಾನಿಗೆ ಮುಂಚಿನ ವಾರ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಅವಳು ನನ್ನನ್ನು ಒಂದು ಮಾತೂ ಅಂದಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಬೈದಿದ್ದರೆ, ತಟ್ಟೆ ಎತ್ತಿ ಎಸೆದಿದ್ದರೆ ನಾನೂ ಏನಾದರೂ ಹೇಳಬಹುದಿತ್ತು. ನಾಣ್ಯಗಳನ್ನೆಲ್ಲ ಮಾರಿಬಿಟ್ಟೆ ಎಂದು ಬರೆದರೆ ಓದುವವರಿಗೆ ಹಿತವಾಗುತ್ತಿತ್ತು. ಮಾರಿಲ್ಲ. ಗ್ರಂಥಿಯ ವರದಿ ಬಂದ ದಿನ ಮನೆಗೆ ಬಂದವನು ಬೀರು ತೆಗೆದು ನಾಣ್ಯ ಹಿಡಿದು ಕೂತಿದ್ದೆ, ದೀಪ ಹಾಕಿ. ನಾನು ಎಂಥವನು ಎಂದು ಅವತ್ತು ನನಗೇ ಹೇಸಿಗೆಯಾಯಿತು. ಅಷ್ಟು ಹೇಸಿಗೆಯಾದರೂ ಒಂದೊಂದನ್ನೂ ನೋಡಿ ಮುಗಿಸಿಯೇ ಎದ್ದೆ.

ಆಸ್ಪತ್ರೆಯವರು ಒಂದು ಹಾಳೆ ಕೊಟ್ಟಿದ್ದಾರೆ. ಹಿಂದೆ ಮುಂದೆ ಎರಡು ದೇಹದ ರೇಖಾಚಿತ್ರ. ತಿಂಗಳಿಗೊಮ್ಮೆ ಮನೆಯವರು ಯಾರಾದರೂ ತಲೆಯ ಬೈತಲೆಯಿಂದ ಅಂಗಾಲಿನವರೆಗೆ ಮೈಯೆಲ್ಲ ನೋಡಿ, ಹೊಸದೇನಾದರೂ ಕಂಡರೆ ಗುರುತು ಹಾಕಬೇಕು. ಬೆನ್ನು, ತೊಡೆಯ ಹಿಂಭಾಗ, ಕಿವಿಯ ಹಿಂದೆ, ಇವೆಲ್ಲ ಅವಳಿಗೇ ಕಾಣುವುದಿಲ್ಲವಲ್ಲ. ಹಾಳೆ ಕೈಗೆ ಬಂದಾಗ ನನಗೆ ಬಹಳ ದಿನಗಳ ಮೇಲೆ ಒಂಥರಾ ಉತ್ಸಾಹ ಬಂತು. ಇದು ನನ್ನ ಕೆಲಸ. ಇದನ್ನು ನನಗಿಂತ ಚೆನ್ನಾಗಿ ಮಾಡುವವರು ಅಡಿಲೇಡಿನಲ್ಲೇ ಇಲ್ಲ. ಕಿಟಕಿಯ ಪರದೆ ಸರಿಸಿ, ದೀಪವನ್ನು ಮಂಚದ ಪಕ್ಕಕ್ಕೆ ತಂದು, ಭೂತಗನ್ನಡಿ ಒರೆಸಿಕೊಂಡು ಸಿದ್ಧನಾಗಿ ನಿಂತೆ.

ಅವಳು ಟವೆಲ್ ಹೊದ್ದು ಬಂದು ಮಂಚದ ಮೇಲೆ ಕೂತಳು. ದೀಪ ನೋಡಿದಳು, ನನ್ನ ಕೈ ನೋಡಿದಳು.

"ನೀವು ಬೇಡ" ಅಂದಳು. ಕೋಪವಿರಲಿಲ್ಲ, ಬೇಸರವೂ ಇರಲಿಲ್ಲ. "ಅವಳು ನೋಡ್ತಾಳೆ. ಅವಳನ್ನ ಕಳಿಸಿ."

ಹದಿಮೂರು ವರ್ಷದ ಮಗಳು ಒಳಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡಳು. ಅದು ಐದು ತಿಂಗಳ ಹಿಂದಿನ ಮಾತು. ಆಮೇಲೆ ಪ್ರತಿ ತಿಂಗಳೂ ಹಾಗೇ. ಶನಿವಾರ ಬೆಳಿಗ್ಗೆ ಅವರಿಬ್ಬರೂ ಒಳಗೆ, ನಾನು ಹಜಾರದಲ್ಲಿ. ತಿರುಗು, ಕೈ ಎತ್ತು ಎಂದು ಮಗಳು ಇಂಗ್ಲಿಷಿನಲ್ಲಿ ಹೇಳುವುದು ಕೇಳಿಸುತ್ತದೆ. ಕಚಗುಳಿಯಾಗುತ್ತೆ ಕಣೆ ಎಂದು ಇವಳು ನಗುವುದೂ ಕೇಳಿಸುತ್ತದೆ. ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಮಗಳು ಹಾಳೆ ತಂದು ಫ್ರಿಜ್ಜಿನ ಮೇಲೆ ಅಂಟಿಸಿ, ನನ್ನ ಕಡೆ ನೋಡದೆ ಆಟಕ್ಕೆ ಹೋಗುತ್ತಾಳೆ.

ಇವತ್ತು ಬೆಳಿಗ್ಗೆ ಕಾಲು ಗಂಟೆಯಾದರೂ ಮುಗಿಯಲಿಲ್ಲ. ನಗು ಕೇಳಿಸಲಿಲ್ಲ. ಕಿಟಕಿಯ ಪರದೆಯನ್ನು ಇನ್ನಷ್ಟು ಸರಿಸಿದ ಸದ್ದಾಯಿತು.

"ಅಮ್ಮಾ, ವಾಸ್ ದಿಸ್ ಒನ್ ಹಿಯರ್ ಲಾಸ್ಟ್ ಮಂತ್?" ಅಂದಳು ಮಗಳು.

"ಎಲ್ಲಿ?"

ಮಗಳು ಬಾಯಲ್ಲಿ ಹೇಳಲಿಲ್ಲ, ಮುಟ್ಟಿ ತೋರಿಸಿರಬೇಕು. ಹಾಳೆಯ ಮೇಲೆ ಪೆನ್ಸಿಲ್ ಓಡಿತು. ನಾನು ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟುಕೊಂಡು ನಿಂತೆ. ಒಳಗಿನಿಂದ ಯಾರೂ ನನ್ನನ್ನು ಕೂಗಲಿಲ್ಲ.